ಅರ್ಧ ಊರು ಹಾಕಿದ ಮತ: ಡೊಂಬಿವಲಿಯ ಒಲವು, ನಮ್ಮ ಎರಡು ಊರು

"ಇಲ್ಲಿ ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತಲ್ವಾ, ಸುಮ್ನೆ ಯಾಕೆ ಬಿಸಿಲಲ್ಲಿ ನಿಲ್ಲೋದು?" ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಚುನಾವಣೆ ಬಂದಾಗಲೆಲ್ಲ ಈ ಮಾತು ಕೇಳುತ್ತೇನೆ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕೇಳುತ್ತೇನೆ, ಕನ್ನಡಿಗರ ಪೂಜೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತೇನೆ. ಗೆಲ್ಲುವವರು ಯಾರೆಂದು ಗೊತ್ತು ಅನ್ನುವುದು ಬಹುಮಟ್ಟಿಗೆ ನಿಜ. ಆದರೆ ಅವರನ್ನು ಗೆಲ್ಲಿಸಿದವರು ಯಾರು? ಅದರ ಲೆಕ್ಕವನ್ನು ನಾವು ಹಾಕುವುದೇ ಇಲ್ಲ.

ಒಂದು ಸಲ ಹಾಕಿ ನೋಡೋಣ. ಡೊಂಬಿವಲಿ ಸೇರುವುದು ಕಲ್ಯಾಣ್ ಲೋಕಸಭಾ ಕ್ಷೇತ್ರಕ್ಕೆ. 2024ರ ಮೇ 20ರಂದು ಅಲ್ಲಿ ಆದ ಮತದಾನ 50.12%. ಪಟ್ಟಿಯಲ್ಲಿದ್ದವರು ಸುಮಾರು 20.8 ಲಕ್ಷ ಜನ. ಗೆದ್ದ ಶಿವಸೇನೆಯ ಶ್ರೀಕಾಂತ್ ಶಿಂದೆ ಅವರಿಗೆ ಸಿಕ್ಕಿದ್ದು ಸುಮಾರು 5.9 ಲಕ್ಷ ಮತ. ಎದುರು ನಿಂತ, ಒಡೆದ ಶಿವಸೇನೆಯ ಉದ್ಧವ್ ಠಾಕ್ರೆ ಬಣದ ವೈಶಾಲಿ ದರೇಕರ್ ಅವರಿಗೆ 3.8 ಲಕ್ಷ. ಅಂತರ ಎರಡು ಲಕ್ಷಕ್ಕೂ ಜಾಸ್ತಿ. ದೊಡ್ಡ ಗೆಲುವು, ಅದರಲ್ಲಿ ಸಂಶಯವಿಲ್ಲ. ಆದರೆ ಅದನ್ನೇ ಹೀಗೆ ನೋಡಿ. ಪಟ್ಟಿಯಲ್ಲಿದ್ದ ನೂರು ಜನರಲ್ಲಿ ಗೆದ್ದವರಿಗೆ ಹಾಕಿದವರು 28. ಎರಡನೆಯವರಿಗೆ ಹಾಕಿದವರು 18. ಬೂತಿನ ಕಡೆ ತಲೆಯನ್ನೇ ಹಾಕದವರು 50.

ಅದೇ ದಿನ, ಅದೇ ಬಿಸಿಲಲ್ಲಿ, ಪಕ್ಕದ ಪಾಲ್ಘರ್‌ನಲ್ಲಿ 63.91% ಮತದಾನ ಆಯಿತು. ಈರುಳ್ಳಿ, ದ್ರಾಕ್ಷಿ ಬೆಳೆಯುವ ದಿಂಡೋರಿಯಲ್ಲಿ 66.75%. ಕಲ್ಯಾಣ್‌ಗೆ ಇದು ಹೊಸದಲ್ಲ. 2014ರಲ್ಲಿ 43%ರ ಆಸುಪಾಸು, 2019ರಲ್ಲಿ 45%ರ ಆಸುಪಾಸು. 50% ದಾಟಿದ್ದೇ ಇಲ್ಲಿಗೆ ಸುಧಾರಣೆ.

ಓದಿದವರು ಜಾಸ್ತಿ ಇರುವ ಊರು, ಓದಿದವರೇ ಸೋಮಾರಿಗಳು ಎಂದು ಬೈದು ಮುಗಿಸುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ರಾಜಕೀಯ ಮಾತಾಡದ ಮನೆ ಇಲ್ಲ. ಮತದ ದಿನ ಊರಲ್ಲಿ ಇರುವವರು ಯಾರು, ಪಟ್ಟಿಯಲ್ಲಿ ಹೆಸರಿರುವವರು ಯಾರು ಎಂಬ ಎರಡು ಪ್ರಶ್ನೆಗಳೇ ಇಲ್ಲಿಯ ಅರ್ಧ ರಾಜಕೀಯ. ಈ ಎರಡರಲ್ಲೂ ನಾವು ಕನ್ನಡಿಗರು ಸಿಕ್ಕಿಬಿದ್ದಿದ್ದೇವೆ.

ಒಲವು ಎಲ್ಲಿಂದ ಬಂತು

ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಸುಮಾರು 48 ಕಿಲೋಮೀಟರ್ ದೂರದ ಈ ಊರಿಗೆ ಬಂದವರು ಬಹಳಷ್ಟು ಮಂದಿ ಗುಮಾಸ್ತರು, ಬ್ಯಾಂಕಿನವರು, ಶಿಕ್ಷಕರು. ಗಿರ್ಗಾವ್, ದಾದರ್‌ಗಳ ಚಾಳಿನ ಒಂದು ಕೋಣೆ ಬಿಟ್ಟು ಇಲ್ಲಿ ಎರಡು ಕೋಣೆಯ ಸ್ವಂತ ಮನೆ ಮಾಡಿದರು. ಅವರ ಜೊತೆಗೆ ಗ್ರಂಥಾಲಯ, ನಾಟಕ, ಆರ್‌ಎಸ್‌ಎಸ್ ಶಾಖೆ ಎಲ್ಲವೂ ಬಂದವು. 1999ರಲ್ಲಿ ಇಲ್ಲಿಯ ಗಣೇಶ ಮಂದಿರ ಸಂಸ್ಥಾನ ಗುಡಿ ಪಾಡ್ವಾಗೆ ಶುರು ಮಾಡಿದ ಹೊಸ ವರ್ಷದ ಮೆರವಣಿಗೆ ಮುಂದೆ ಮಹಾರಾಷ್ಟ್ರದ ಎಷ್ಟೋ ಊರುಗಳಿಗೆ ಹರಡಿತು. ಆ ದಿನ ಬೆಳಿಗ್ಗೆ ಫಡಕೆ ರೋಡ್ ನೋಡಿದವರಿಗೆ ಈ ಊರಿನ ಒಲವನ್ನು ಬೇರೆ ವಿವರಿಸಬೇಕಾಗಿಲ್ಲ.

ಚುನಾವಣೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ಈ ಭಾಗ ಹಿಂದೆ ಠಾಣೆ ಲೋಕಸಭೆಗೆ ಸೇರಿತ್ತು. ಜನಸಂಘದಿಂದ ಬಂದ ರಾಮಚಂದ್ರ ಮ್ಹಾಳಗಿ 1977 ಮತ್ತು 1980ರಲ್ಲಿ ಗೆದ್ದರು. ಬಿಜೆಪಿಯ ರಾಮ್ ಕಾಪ್ಸೆ 1989, 1991ರಲ್ಲಿ ಗೆದ್ದರು. 1996ರಲ್ಲಿ ಬಿಜೆಪಿ-ಶಿವಸೇನೆ ಮೈತ್ರಿಯ ಒಳಗೇ ಈ ಸೀಟು ಶಿವಸೇನೆಯ ಕೈಗೆ ಹೋಯಿತು. ಆಗ ಠಾಣೆಯಲ್ಲಿ ಶಿವಸೇನೆಯ ಮುಖಂಡ ಆನಂದ್ ದಿಘೆ ಅವರ ಮಾತೇ ಮಾತು. ಅಲ್ಲಿಂದ ಪ್ರಕಾಶ್ ಪರಾಂಜಪೆ ನಾಲ್ಕು ಸಲ ಗೆದ್ದರು. ಕ್ಷೇತ್ರ ಮರುವಿಂಗಡಣೆ ಆಗಿ ಕಲ್ಯಾಣ್ ಬೇರೆಯಾದ ಮೇಲೆ 2009ರಲ್ಲಿ ಅವರ ಮಗ ಆನಂದ್ ಪರಾಂಜಪೆ ಗೆದ್ದರು. 2014ರಿಂದ ಮೂರು ಸಲ ಶ್ರೀಕಾಂತ್ ಶಿಂದೆ. ಡೊಂಬಿವಲಿ ವಿಧಾನಸಭಾ ಕ್ಷೇತ್ರ ಹುಟ್ಟಿದ್ದೂ ಅದೇ ಮರುವಿಂಗಡಣೆಯಲ್ಲಿ. 2009ರಿಂದ ನಾಲ್ಕು ಸಲವೂ ಬಿಜೆಪಿಯ ರವೀಂದ್ರ ಚವಾಣ್ ಅವರೇ. ಈಚೆಗೆ, 2025ರ ಜುಲೈಯಲ್ಲಿ, ಅವರು ಪಕ್ಷದ ರಾಜ್ಯಾಧ್ಯಕ್ಷರೂ ಆದರು.

ಇಷ್ಟು ಓದಿದರೆ ಗೋಡೆಗೆ ಒಂದೇ ಬಣ್ಣ ಅನಿಸಬಹುದು. ಹಾಗಿಲ್ಲ. ಅದೇ ಲೋಕಸಭಾ ಕ್ಷೇತ್ರದ ಮುಂಬ್ರಾ-ಕಲ್ವಾದಲ್ಲಿ 2009ರಿಂದ ಎನ್‌ಸಿಪಿಯ (ಪಕ್ಷ ಒಡೆದ ಮೇಲೆ ಶರದ್ ಪವಾರ್ ಬಣದ) ಜಿತೇಂದ್ರ ಆವ್ಹಾಡ್ ಗೆಲ್ಲುತ್ತಿದ್ದಾರೆ. ಡೊಂಬಿವಲಿಗೆ ಅಂಟಿಕೊಂಡ ಕಲ್ಯಾಣ್ ಗ್ರಾಮೀಣದಲ್ಲಿ 2019ರಲ್ಲಿ ಗೆದ್ದ ರಾಜು ಪಾಟೀಲ್ ಇಡೀ ರಾಜ್ಯಕ್ಕೆ ರಾಜ್ ಠಾಕ್ರೆಯವರ ಪಕ್ಷ ಎಂಎನ್‌ಎಸ್‌ನ ಒಬ್ಬನೇ ಶಾಸಕ. 2024ರಲ್ಲಿ ಅದೇ ಸೀಟು ಏಕನಾಥ್ ಶಿಂದೆ ಬಣದ ಶಿವಸೇನೆಯ ರಾಜೇಶ್ ಮೋರೆ ಅವರಿಗೆ ಹೋಯಿತು. ಇನ್ನೂ ಹಿಂದೆ ಹೋಗಿ. 2010ರ ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆಯ 107 ಸೀಟುಗಳಲ್ಲಿ ಎಂಎನ್‌ಎಸ್‌ಗೆ 27 ಬಂದಿದ್ದವು, ಬಿಜೆಪಿಗೆ ಬರೀ 9. ಐದೇ ವರ್ಷದಲ್ಲಿ ಬಿಜೆಪಿ 42ಕ್ಕೆ ಏರಿತು, ಎಂಎನ್‌ಎಸ್ 9ಕ್ಕೆ ಇಳಿಯಿತು. ಕೋಟೆ ಕೋಟೆ ಅನ್ನುತ್ತೇವೆ. ಅದರ ಒಳಗೆ ಜನ ಮನಸ್ಸು ಬದಲಾಯಿಸುತ್ತಲೇ ಇದ್ದಾರೆ.

ನಮ್ಮವರ ಒಲವಿನ ಕತೆ ಸ್ವಲ್ಪ ಬೇರೆ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಸಿಟ್ಟು ಇದ್ದದ್ದು ದಕ್ಷಿಣದವರ ಮೇಲೆ. ಉಡುಪಿ ಹೋಟೆಲುಗಳ ಗಾಜು ಒಡೆದವು. 1969ರಲ್ಲಿ ಗಡಿ ವಿವಾದದ ಹೆಸರಲ್ಲಿ ಮುಂಬೈ ಹೊತ್ತಿ ಉರಿಯಿತು. ಆ ದಿನಗಳಲ್ಲಿ ಶಟರ್ ಎಳೆದು ಒಳಗೆ ಕೂತ ಹಿರಿಯರು ಆಮೇಲೆ ಬಹಳ ವರ್ಷ 'ಕೈ'ಗೇ ಹಾಕಿದರು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ದೇವರಾಜ ಅರಸು ಕಾಲದ ಭೂಸುಧಾರಣೆಯಲ್ಲಿ ಊರಿನ ಮನೆಗೆ ಗದ್ದೆ ಬಂದಿತ್ತು. ಡಿಕ್ಲರೇಶನ್‌ನಲ್ಲಿ, ಅಂದರೆ ಗೇಣಿಯ ಭೂಮಿಗೆ ಅರ್ಜಿ ಹಾಕಿ, ಭೂಮಿ ಸಿಕ್ಕಿದ ಒಕ್ಕಲು ಮನೆಯ ಹುಡುಗ ಮುಂಬೈಗೆ ಬಂದು ಹೋಟೆಲಲ್ಲಿ ಪ್ಲೇಟ್ ತೊಳೆದರೂ ಮತ ಮಾತ್ರ ಊರಿನ ಋಣದ ಪ್ರಕಾರವೇ. ಭೂಮಿ ಕಳೆದುಕೊಂಡ ಮನೆಯವರ ಲೆಕ್ಕ ಅದರ ಉಲ್ಟಾ.

ಮಕ್ಕಳ ಕಾಲಕ್ಕೆ ಇದೆಲ್ಲ ಕರಗಿತು. ಕರಾವಳಿಯಲ್ಲಿ ಬಿಜೆಪಿ ಬೆಳೆದ ಹಾಗೆ ಇಲ್ಲಿಯ ಕರಾವಳಿಯವರೂ ಅತ್ತ ವಾಲಿದರು. ಗೋಪಾಲ್ ಶೆಟ್ಟಿ ಅವರು 2014 ಮತ್ತು 2019ರಲ್ಲಿ ಉತ್ತರ ಮುಂಬೈಯಿಂದ ಲೋಕಸಭೆಗೆ ಹೋದಾಗ ಡೊಂಬಿವಲಿಯಲ್ಲೂ ನಮ್ಮವರು ಸಂತೋಷಪಟ್ಟರು. ಶಿವಸೇನೆಯ ಜೊತೆಗಿನ ಹಳೆ ಗಾಯ ಆರಿದ್ದು ಭಾಷಣದಿಂದ ಅಲ್ಲ, ನಳ್ಳಿ ನೀರಿನಿಂದ. ರೇಷನ್ ಕಾರ್ಡಿಗೆ ಸಹಿ ಬೇಕು, ಚರಂಡಿ ಕಟ್ಟಿದೆ, ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಬೇಕು ಅಂದರೆ ಶಿವಸೇನೆಯ ಶಾಖೆಯ ಬಾಗಿಲು ತೆರೆದಿರುತ್ತದೆ. ಶಾಖೆಯ ಬೆಂಚಿನ ಮೇಲೆ ಕೂತು ಕೆಲಸ ಮಾಡಿಸಿಕೊಂಡವನಿಗೆ 1966 ನೆನಪಿಗೆ ಬರುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೆ ಎರಡು ಓಟುಗಳಿವೆ: ದೆಹಲಿಯದ್ದು ಒಂದು, ನಳ್ಳಿಯದ್ದು ಒಂದು.

ಮೇ 20ರಂದು ನಾವು ಎಲ್ಲಿದ್ದೆವು

2024ರ ಆ ಮತದಾನ ಸೋಮವಾರ ಬಿತ್ತು. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ರಜೆ. 2019ರ ಲೋಕಸಭೆಗೂ ಇಲ್ಲಿ ಸೋಮವಾರವೇ, ಏಪ್ರಿಲ್ 29. ಜನ ಲೋನಾವಳಕ್ಕೆ, ಅಲಿಬಾಗ್‌ಗೆ ಹೋದರು ಎಂದು ಪೇಪರಿನಲ್ಲಿ ಬರುತ್ತದೆ. ನಮ್ಮವರು ಹೋದದ್ದು ಅಲ್ಲಿಗಲ್ಲ. ನಮ್ಮವರು ಊರಿಗೆ ಹೋಗಿದ್ದರು, ಅದೂ ಮೂರು ದಿನಕ್ಕಲ್ಲ.

ಮಹಾರಾಷ್ಟ್ರದಲ್ಲಿ ಶಾಲೆ ಶುರುವಾಗುವುದು ಜೂನ್ ನಡುವಿನಲ್ಲಿ. ಏಪ್ರಿಲ್ ಕೊನೆಯಿಂದಲೇ ಕರಾವಳಿಗೆ ಹೋಗುವ ಮತ್ಸ್ಯಗಂಧಾ ರೈಲಿನಲ್ಲಿ ಸೀಟಿಲ್ಲ. ತಾಯಿ, ಮಕ್ಕಳು, ಅಜ್ಜ, ಅಜ್ಜಿ ಎಲ್ಲ ಮಾವಿನ ಹಣ್ಣು, ಹಲಸಿನ ಹಣ್ಣು, ದೈವದ ನೇಮ, ಮದುವೆ, ಗೃಹಪ್ರವೇಶ ಎಂದು ಊರು ಸೇರುತ್ತಾರೆ. ಅತ್ತ ಕಲ್ಯಾಣ್‌ನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕೆಲಸದವರೂ ಹೊರಡುತ್ತಾರೆ. ಮಳೆಗೆ ಮುಂಚೆ ಹೊಲ ಹದ ಮಾಡಬೇಕು. ಡೊಂಬಿವಲಿಯ ನಮ್ಮ ಮನೆಗಳಲ್ಲಿ ಮೇ ತಿಂಗಳಲ್ಲಿ ಉಳಿಯುವುದು ಡ್ಯೂಟಿಗೆ ಹೋಗುವ ಗಂಡಸು ಒಬ್ಬನೇ. ನಾಲ್ಕು ಮತದ ಮನೆಯಲ್ಲಿ ಒಂದು ಮತ.

ಹಾಗಾದರೆ ಊರಲ್ಲಾದರೂ ಹಾಕಿದರಾ? 2024ರಲ್ಲಿ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಉತ್ತರ ಕರ್ನಾಟಕದಲ್ಲಿ ಮೇ 7ಕ್ಕೆ. ಏಪ್ರಿಲ್ ಕೊನೆಗೆ ರೈಲು ಹತ್ತಿದವರಿಗೆ ಕರಾವಳಿಯ ಮತ ತಪ್ಪಿತು. ಜೂನ್‌ವರೆಗೆ ಅಲ್ಲೇ ಉಳಿದದ್ದರಿಂದ ಕಲ್ಯಾಣ್‌ನ ಮತವೂ ತಪ್ಪಿತು. ಇದನ್ನು ಸೋಮಾರಿತನ ಎಂದರೆ ನನಗೆ ನೋವಾಗುತ್ತದೆ. ವರ್ಷಕ್ಕೆ ಒಂದು ಸಲ ತಾಯಿಯ ಮುಖ ನೋಡಲು ಹೋದವರು ಇವರು.

ಮೇ ತಿಂಗಳ ಕಾರಣ ನಿಜವಾದರೆ ಮಕ್ಕಳ ಶಾಲೆ ನಡೆಯುವ ತಿಂಗಳಲ್ಲಿ ಮತದಾನ ಜಾಸ್ತಿ ಆಗಬೇಕು, ಅಲ್ವಾ? ಆಯಿತು. ಆರೇ ತಿಂಗಳ ನಂತರ ನವೆಂಬರ್ 20ರ ವಿಧಾನಸಭಾ ಚುನಾವಣೆಯಲ್ಲಿ ಡೊಂಬಿವಲಿಯಲ್ಲಿ 56%ರಷ್ಟು ಮತದಾನ ಆಯಿತು. ಆ ದಿನ ಬುಧವಾರ. ನಗರದವರು ರಜೆ ಜೋಡಿಸಿಕೊಂಡು ಹೊರಟುಬಿಡಬಾರದು ಎಂದೇ ಚುನಾವಣಾ ಆಯೋಗ ವಾರದ ನಡುವಿನ ದಿನ ಆರಿಸಿತ್ತು. ದೊಡ್ಡ ಸೊಸೈಟಿಗಳ ಆವರಣದಲ್ಲೂ ಬೂತ್ ಹಾಕಿದ್ದರು. ದೀಪಾವಳಿ ಮುಗಿದಿತ್ತು, ಬಿಸಿಲು ಇರಲಿಲ್ಲ. 'ಲಾಡಕಿ ಬಹೀಣ್' ಯೋಜನೆಯ ತಿಂಗಳ 1,500 ರೂಪಾಯಿ ಖಾತೆಗೆ ಬಂದಿದ್ದ ಹೆಂಗಸರು ಗುಂಪಾಗಿ ಬಂದರು. ಎಲ್ಲವೂ ಸೇರಿಕೊಂಡಿತು, ನಿಜ. ಆದರೆ ದಿನ, ತಿಂಗಳು ಬದಲಾದರೆ ಅದೇ ಜನ ಬರುತ್ತಾರೆ ಎನ್ನುವುದಕ್ಕೆ ನನಗೆ ಇಷ್ಟು ಸಾಕು.

ಇಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಮತ ಹಾಕದೆ ಕೂತವರೆಲ್ಲ ಒಳಗೊಳಗೇ ವಿರೋಧಿಗಳು, ಅವರು ಹೊರಗೆ ಬಂದರೆ ಫಲಿತಾಂಶ ತಿರುಗುತ್ತದೆ ಎಂದು ಸೋತ ಪಕ್ಷದವರು ಯಾವಾಗಲೂ ಹೇಳುತ್ತಾರೆ. ಡೊಂಬಿವಲಿಯಲ್ಲಿ ಹಾಗಾಗಲಿಲ್ಲ. 2019ರಲ್ಲಿ ಚವಾಣ್ ಅವರಿಗೆ 86 ಸಾವಿರ ಮತ ಬಂದಿದ್ದವು, ಅಂತರ 41 ಸಾವಿರ. 2024ರಲ್ಲಿ ಮತ 1.23 ಲಕ್ಷಕ್ಕೆ ಏರಿತು, ಅಂತರ 77 ಸಾವಿರ ಆಯಿತು. ಜಾಸ್ತಿ ಜನ ಬಂದರು, ಒಲವು ಇನ್ನೂ ಗಟ್ಟಿಯಾಯಿತು. ಬಾರದವರ ಮನಸ್ಸು ಬಂದವರ ಮನಸ್ಸಿನಿಂದ ಬಹಳ ದೂರ ಇರಲಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. ಹಾಗಾದರೆ ಕಡಿಮೆ ಮತದಾನದಿಂದ ನಷ್ಟವೇನು? ನಷ್ಟ ಗೆಲುವು ಸೋಲಿನಲ್ಲಿ ಇಲ್ಲ. ಗೆದ್ದವರು ಯಾರ ಮಾತು ಕೇಳುತ್ತಾರೆ ಎನ್ನುವುದರಲ್ಲಿ ಇದೆ. ಯಾವ ಕಟ್ಟಡದಿಂದ ಎಷ್ಟು ಮತ ಬರುತ್ತದೆ ಎಂಬುದು ಕಾರ್ಯಕರ್ತರಿಗೆ ಬಾಯಿಪಾಠ. ಮತ ಬರದ ಗಲ್ಲಿಗೆ ಟ್ಯಾಂಕರ್ ಬರುವುದು ಕೊನೆಗೆ.

ಆ ಮೇ 20ರ ಮತದಾನ ಆಗಿ ಮೂರೇ ದಿನಕ್ಕೆ, ಮೇ 23ರಂದು, ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಸಿಡಿಯಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ದೂರದ ಕಟ್ಟಡಗಳ ಕಿಟಕಿ ಗಾಜೂ ಉದುರಿತು. 2016ರ ಮೇ 26ರಂದು ಅದೇ ಎಂಐಡಿಸಿಯಲ್ಲಿ ಇಂಥದ್ದೇ ಸ್ಫೋಟ ಆಗಿತ್ತು. ಎಂಟು ವರ್ಷಗಳ ನಡುವೆ ಎಷ್ಟು ಚುನಾವಣೆ ಬಂದು ಹೋದವು! ಅಪಾಯದ ಕಾರ್ಖಾನೆಗಳನ್ನು ಮನೆಗಳ ಮಗ್ಗುಲಿಂದ ದೂರ ಕಳಿಸುವ ಮಾತು ಇನ್ನೂ ಮಾತಾಗಿಯೇ ಇದೆ.

ಪಟ್ಟಿ

ಆ ಸೋಮವಾರ ನಮ್ಮ ಕಟ್ಟಡದಲ್ಲಿ ನಡೆದದ್ದು ಹೇಳುತ್ತೇನೆ. ಎರಡನೇ ಮಹಡಿಯ ಅಜ್ಜಿ ಬೆಳಿಗ್ಗೆ ಏಳಕ್ಕೇ ಇಳಕಲ್ ಸೀರೆ ಉಟ್ಟು, ಕುಂಕುಮದ ಜಾಗದಲ್ಲಿ ವಿಭೂತಿ ಇಟ್ಟು, ಕೆಳಗೆ ಬಂದು ಕೂತಿದ್ದರು. ಕೈಯಲ್ಲಿ ಮತದಾರರ ಚೀಟಿ. ನನ್ನ ಕೈಗೆ ಕೊಟ್ಟು "ಯಾವ ಶಾಲಿ ನೋಡಪ್ಪಾ" ಎಂದರು. ನೋಡಿದರೆ ಅದು ಅವರ ಯಜಮಾನರದ್ದು. ಅವರು ತೀರಿಹೋಗಿ ಆರು ವರ್ಷ. ಅಜ್ಜಿಯ ಹೆಸರಿನ ಚೀಟಿ ಬಂದಿರಲಿಲ್ಲ. ಬೂತಿಗೆ ಕರೆದುಕೊಂಡು ಹೋದೆವು. ನಾಲ್ಕು ಟೇಬಲ್ ಹುಡುಕಿದರೂ ಹೆಸರು ಸಿಗಲಿಲ್ಲ. ಕೈಯಲ್ಲಿ ಗುರುತಿನ ಚೀಟಿ ಇತ್ತು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ಚೀಟಿಯಿಂದ ಏನೂ ಆಗುವುದಿಲ್ಲ. ಅಜ್ಜಿ ಅಳಲಿಲ್ಲ. ವಾಪಸ್ ಬರುವಾಗ ಇಷ್ಟೇ ಅಂದರು: "ಸತ್ತವರು ಅದಾರ, ನಾ ಇಲ್ಲ."

ಆ ದಿನ ಕಲ್ಯಾಣ್-ಡೊಂಬಿವಲಿಯಲ್ಲಿ ಈ ದೂರು ಬಹಳ ಕಡೆ ಕೇಳಿಬಂತು. ಮತದಾನದ ಶೇಕಡಾ ಲೆಕ್ಕವನ್ನು ನಾವು ಎಷ್ಟು ನಂಬಬೇಕು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಶೇಕಡಾ ತೆಗೆಯುವುದು ಪಟ್ಟಿಯಲ್ಲಿರುವ ಹೆಸರುಗಳಿಂದ ಭಾಗಿಸಿ. ಅದರಲ್ಲಿ ತೀರಿಹೋದವರು ಇದ್ದಾರೆ, ಮನೆ ಬಿಟ್ಟು ಹೋದವರು ಇದ್ದಾರೆ, ಎರಡು ಕಡೆ ಇರುವವರು ಇದ್ದಾರೆ. ಇವರು ಯಾರೂ ಬೂತಿಗೆ ಬರಲಾರರು. ಇರುವ ಊರಿಗಿಂತ ಪಟ್ಟಿಯ ಊರು ದೊಡ್ಡದು. ಹಾಗಾಗಿ ನಿಜವಾದ ಮತದಾನ ಕಾಣುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬೇಕು. ಇನ್ನೊಂದು ಕಡೆ, ಇಲ್ಲೇ ಇದ್ದೂ ಹೆಸರಿಲ್ಲದವರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅವರು ಮತ ಹಾಕದವರ ಗುಂಪಿಗೂ ಸೇರಿಲ್ಲ.

ಮುಂಬೈ ಕಡೆ ಬಾಡಿಗೆ ಕರಾರು 11 ತಿಂಗಳಿನದು. ಬಾಡಿಗೆ ಏರಿಸಿದರೆ ಪಕ್ಕದ ಗಲ್ಲಿಗೆ, ಇಲ್ಲದಿದ್ದರೆ ಠಾಕುರ್ಲಿಗೆ, ದಿವಾಕ್ಕೆ. ಪ್ರತಿ ಸಲ ಫಾರ್ಮ್ 8 ತುಂಬಿ ವಿಳಾಸ ಬದಲಿಸಬೇಕು. ಗ್ಯಾಸ್ ಬುಕ್ಕಿನ ವಿಳಾಸ ಬದಲಿಸುತ್ತೇವೆ, ಆಧಾರ್ ಬದಲಿಸುತ್ತೇವೆ, ಇದು ನೆನಪಾಗುವುದು ಮತದ ಹಿಂದಿನ ದಿನ. ಅಷ್ಟು ಹೊತ್ತಿಗೆ ಪಟ್ಟಿ ಮುಚ್ಚಿರುತ್ತದೆ. ನಾಮಪತ್ರ ಸಲ್ಲಿಸುವ ಕೊನೆಯ ದಿನದ ನಂತರ ಹೆಸರು ಸೇರಿಸುವ ಹಾಗಿಲ್ಲ.

ಹೋಟೆಲ್ ಹುಡುಗರ ಪಾಡು ಬೇರೆ. ಮಲಗುವುದು ಹೋಟೆಲಿನ ಅಟ್ಟದಲ್ಲೇ. ಬಾಡಿಗೆ ಕರಾರಿಲ್ಲ, ಕರೆಂಟ್ ಬಿಲ್ ಇಲ್ಲ. ಹತ್ತು ವರ್ಷದಿಂದ ಡೊಂಬಿವಲಿಯ ನೀರು ಕುಡಿದರೂ ಇಲ್ಲಿ ಹೆಸರಿಲ್ಲ. ಸಾಧ್ಯವೇ ಇಲ್ಲ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗೇನಿಲ್ಲ. ಕಾನೂನು ಕೇಳುವುದು ಸಾಮಾನ್ಯವಾಗಿ ಎಲ್ಲಿ ವಾಸ ಎಂದು. ಮನೆಯೇ ಇಲ್ಲದವರಿಗೂ ಹೊಸದಾಗಿ ಹೆಸರು ಸೇರಿಸುವ ಫಾರ್ಮ್ 6 ತುಂಬುವ ಹಕ್ಕಿದೆ. ಬೂತ್ ಮಟ್ಟದ ಅಧಿಕಾರಿ ರಾತ್ರಿ ಬಂದು ಆ ಮನುಷ್ಯ ನಿಜವಾಗಿ ಅಲ್ಲೇ ಮಲಗುತ್ತಾನಾ ಎಂದು ನೋಡಿ ಹೆಸರು ಸೇರಿಸಬಹುದು. 2022ರ ನಂತರ ಹದಿನೆಂಟು ತುಂಬಿದವರು ಮುಂದಿನ ಜನವರಿವರೆಗೆ ಕಾಯಬೇಕಾಗಿಲ್ಲ. ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಒಂದನೇ ತಾರೀಖು. ಮತದ ದಿನ ಸಂಬಳ ಸಹಿತ ರಜೆ ದಿನಗೂಲಿಯವರಿಗೂ ಇದೆ. ಆದರೆ ಬೆಳಿಗ್ಗೆ ನಾಕಾದಲ್ಲಿ ನಿಂತು ಕೆಲಸ ಹುಡುಕುವ ಯಾದಗಿರಿಯ ಮೇಸ್ತ್ರಿಗೆ ಆ ರಜೆ ಕೊಡುವ ಮಾಲಿಕ ಯಾರು? ಕಾನೂನು ಅವನವರೆಗೆ ಮುಟ್ಟಿಲ್ಲ.

ಊರು ಬಿಟ್ಟವರು ಇದ್ದಲ್ಲಿಂದಲೇ ಊರಿನ ಮತ ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಮತ. ವಿರೋಧ ಪಕ್ಷಗಳು ಒಪ್ಪಲಿಲ್ಲ, ಅದು ಅಲ್ಲಿಗೇ ನಿಂತಿತು. ಬಂದಿದ್ದರೆ ನಮ್ಮ ಅರ್ಧ ಕಷ್ಟ ತೀರುತ್ತಿತ್ತು. ಇನ್ನರ್ಧ ಉಳಿಯುತ್ತಿತ್ತು, ಯಾಕೆಂದರೆ ಊರಿನ ಮತದಿಂದ ಡೊಂಬಿವಲಿಯ ನೀರು ಬರುವುದಿಲ್ಲ.

ನಳ್ಳಿಯ ಓಟು

ಪಾಲಿಕೆಯ ಚುನಾವಣೆಗೆ ಬಂದರೆ ಈ ಎಲ್ಲವೂ ಇನ್ನೂ ಜಾಸ್ತಿ. 2015ರಲ್ಲಿ ಕಲ್ಯಾಣ್-ಡೊಂಬಿವಲಿ ಪಾಲಿಕೆಗೆ ಮತದಾನ ನಡೆದದ್ದು ನವೆಂಬರ್ 1ರ ಭಾನುವಾರ. ನಮಗದು ರಾಜ್ಯೋತ್ಸವದ ದಿನ. ಅರ್ಧದಷ್ಟು ಜನವೂ ಬರಲಿಲ್ಲ. 2020ರಲ್ಲಿ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಯ ಕೈಯಲ್ಲಿ ಊರು. ಹನ್ನೆರಡು ಲಕ್ಷಕ್ಕೂ ಮೇಲಿನ ಜನಸಂಖ್ಯೆಯ ಊರಿಗೆ ಐದು ವರ್ಷ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಇದು ನನಗೆ ಮೇ ತಿಂಗಳ ಬಿಸಿಲಿಗಿಂತ ದೊಡ್ಡ ಕಾರಣ ಅನಿಸುತ್ತದೆ. ಮತ ಹಾಕುವ ಅಭ್ಯಾಸ ತಪ್ಪುವುದು ಹೀಗೆಯೇ.

ಕೊನೆಗೆ 2026ರ ಜನವರಿ 15ರಂದು, ಸಂಕ್ರಾಂತಿಯ ಹೊತ್ತಿನಲ್ಲಿ, ಮತದಾನ ಆಯಿತು. ಈ ಸಲ ಒಬ್ಬರಿಗೆ ಒಂದು ಮತ ಅಲ್ಲ. 122 ಸೀಟುಗಳನ್ನು 31 ಪ್ರಭಾಗಗಳಾಗಿ, ಅಂದರೆ ದೊಡ್ಡ ವಾರ್ಡುಗಳಾಗಿ, ಕಟ್ಟಿದ್ದರು. ಹೆಚ್ಚಿನ ಕಡೆ ಒಬ್ಬೊಬ್ಬರು ನಾಲ್ಕು ಸಲ ಬಟನ್ ಒತ್ತಬೇಕು. ನನ್ನ ಕಾರ್ಪೊರೇಟರ್ ಯಾರು ಎಂದು ಕೇಳಿದರೆ ನಾಲ್ಕು ಹೆಸರು ಹೇಳಬೇಕು. ಚರಂಡಿ ಕಟ್ಟಿದಾಗ ಯಾರ ಮನೆಗೆ ಹೋಗುವುದು? ಇನ್ನು ಹಲವು ಸೀಟುಗಳಲ್ಲಿ ಎದುರಾಳಿಯೇ ಇಲ್ಲದೆ ಆಯ್ಕೆ ಮುಗಿದುಹೋಗಿತ್ತು. ಅಂಥ ಕಡೆ 'ಯಾರೂ ಬೇಡ' ಎಂದು ಒತ್ತುವ ಅವಕಾಶವೂ ಸಿಗಲಿಲ್ಲ. ಫಲಿತಾಂಶ: ಶಿವಸೇನೆ 53, ಬಿಜೆಪಿ 50, ಉದ್ಧವ್ ಸೇನೆ 11, ಎಂಎನ್‌ಎಸ್ 5. ಒಲವು ಅದೇ. ಆದರೆ ಆಳುವ ಇಬ್ಬರು ಮಿತ್ರರಲ್ಲಿ ಯಾರು ದೊಡ್ಡವರು ಎಂಬುದು ಮೂರು ಸೀಟಿನ ಮಾತು. ಮೂರು ಸೀಟೆಂದರೆ ಕೆಲವೇ ಗಲ್ಲಿ. ಅಂಥ ಗಲ್ಲಿಗಳಲ್ಲಿ ನಮ್ಮವರ ಮನೆಗಳು ಬೇಕಾದಷ್ಟಿವೆ.

ಎರಡನೇ ಮಹಡಿಯ ಅಜ್ಜಿಯ ಹೆಸರು ಈಗ ಪಟ್ಟಿಯಲ್ಲಿ ಇದೆ. 2024ರ ಜೂನ್‌ನಲ್ಲೇ ಅವರಿಗೆ ಫಾರ್ಮ್ 6 ತುಂಬಿಸಿದೆವು, ನವೆಂಬರ್‌ನಲ್ಲಿ ಹಾಕಿದರು. ಆ ಹುರುಪಿನಲ್ಲಿ ಒಂದು ಭಾನುವಾರ ನಾವು ನಾಲ್ಕೈದು ಜನ ಫಾರ್ಮುಗಳ ಕಟ್ಟು ಹಿಡಿದು ಸ್ಟೇಷನ್ ಹತ್ತಿರದ ಹೋಟೆಲುಗಳನ್ನು ಸುತ್ತಿದೆವು. ಮಧ್ಯಾಹ್ನ ಮೂರೂವರೆ, ಹುಡುಗರಿಗೆ ಬಿಡುವಿನ ಹೊತ್ತು. ಕುಂದಾಪುರ ಕಡೆಯ ಹುಡುಗ ಒಬ್ಬ ಪೆನ್ನು ತೆಗೆದುಕೊಂಡು ಹೆಸರು ಬರೆದ, ಅಪ್ಪನ ಹೆಸರು ಬರೆದ. ಎರಡು ಕ್ಷೇತ್ರಗಳಲ್ಲಿ ಹೆಸರು ಇರುವಂತಿಲ್ಲ, ಇಲ್ಲಿ ಸೇರಿಸಿದರೆ ಅಲ್ಲಿಯದನ್ನು ತೆಗೆಸಬೇಕು ಎಂದು ನಾನು ಹೇಳಿದೆ. ಅವನು ಪೆನ್ನು ನಿಲ್ಲಿಸಿದ.

"ಊರಂಗೆ ಹೆಸ್ರು ಹೋತ್ತಾ?"

ಹೌದು ಎಂದೆ. ಮತ ಮಾತ್ರ, ಮನೆ ಜಾಗ ಏನೂ ಹೋಗುವುದಿಲ್ಲ ಎಂದೆ. ಅವನು ಅರ್ಧ ತುಂಬಿದ ಫಾರ್ಮನ್ನು ನಾಲ್ಕಾಗಿ ಮಡಿಚಿ ಅಂಗಿಯ ಜೇಬಿಗೆ ಇಟ್ಟುಕೊಂಡ.

"ಅಮ್ಮನ ಹತ್ರ ಕೇಂಡ್ಕಂಡ್ ಹೇಳ್ತೆ" ಎಂದು ಒಳಗೆ ಹೋದ. ನಾಲ್ಕು ಗಂಟೆಯ ಚಹಾದ ಗಿರಾಕಿಗಳು ಬರತೊಡಗಿದ್ದರು.